ಇಂಡಿಯ ಲಿಂಬೆ ತೋಟದಲ್ಲಿ ಸೌರ ಪಂಪ್‌ಸೆಟ್: ಒಂದು ವರ್ಷದ ಬಳಕೆಯ ನಂತರ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿರುವ ನಮ್ಮ ನಾಲ್ಕು ಎಕರೆ ಲಿಂಬೆ ತೋಟದಲ್ಲಿ 7.5 ಎಚ್‌ಪಿ ಸೌರ ಪಂಪ್‌ಸೆಟ್ ನೀರೆತ್ತಲು ಆರಂಭಿಸಿದ್ದು 2024ರ ದೀಪಾವಳಿ ಮುಗಿದ ಮರುವಾರ. ಅಲ್ಲಿಂದೀಚೆಗೆ ಅದು ಒಂದು ಪೂರ್ತಿ ಬೇಸಿಗೆಯನ್ನೂ ಮೇ ತಿಂಗಳಲ್ಲೇ ಕಾಲಿಟ್ಟ ಒಂದು ಮಳೆಗಾಲವನ್ನೂ ಕಂಡಿದೆ; ಒಮ್ಮೆ ಕೆಟ್ಟು ಹದಿನೇಳು ದಿನ ನಿಂತಿದೆ; ಉಳಿದ ದಿನಗಳಲ್ಲಿ ಸೂರ್ಯ ಮೇಲೇರಿದಂತೆ ತಾನಾಗಿಯೇ ಎಚ್ಚೆತ್ತು, ಇಳಿದಂತೆ ತಾನಾಗಿಯೇ ಸುಮ್ಮನಾಗಿದೆ. ಸುತ್ತಲಿನ ಊರುಗಳ ರೈತರು ತೋಟಕ್ಕೆ ಬಂದು ನೋಡಿಕೊಂಡು ಹೋಗುತ್ತಾರೆ, ಕೆಲವರು ಫೋನ್ ಮಾಡಿ ಕೇಳುತ್ತಾರೆ. ಎಲ್ಲರಿಗೂ ಒಂದೊಂದು ಮಾತಿನಲ್ಲಿ ಉತ್ತರ ಹೇಳಿ ಸಾಗಹಾಕುವುದು ಸರಿಯಲ್ಲ ಎನಿಸಿದ್ದರಿಂದ, ಕಂಡದ್ದನ್ನು ಕಂಡಂತೆ ಇಲ್ಲಿ ಬರೆಯುತ್ತಿದ್ದೇನೆ.

ಈ ಪಂಪ್ ಬರೀ ಅಂಗಡಿಯಲ್ಲಿ ಕೊಂಡ ಸಾಮಾನಲ್ಲ, ಪಿಎಂ–ಕುಸುಮ್ ಎಂಬ ಸರ್ಕಾರಿ ಯೋಜನೆಯಡಿ ಬಂದದ್ದು. ಇದರ ಬೆಲೆಯ ಶೇ 30ರಷ್ಟನ್ನು ಕೇಂದ್ರ ಸರ್ಕಾರವೂ ಶೇ 50ರಷ್ಟನ್ನು ರಾಜ್ಯ ಸರ್ಕಾರವೂ ಕೊಟ್ಟಿವೆ, ನಾನು ಕಟ್ಟಿದ್ದು ಉಳಿದ ಶೇ 20 ಮಾತ್ರ. ಅಷ್ಟು ದೊಡ್ಡ ಪಾಲನ್ನು ಸಾರ್ವಜನಿಕ ಹಣದಿಂದ ಕೊಡುವುದಕ್ಕೆ ರೈತನ ಅನುಕೂಲವೊಂದೇ ಕಾರಣವಲ್ಲ; ಹವಾಮಾನ ಬದಲಾವಣೆಯನ್ನು ಎದುರಿಸಲು ಭಾರತ ಹಾಕಿಕೊಂಡಿರುವ ಕಾರ್ಯತಂತ್ರದ ಒಂದು ಎಳೆ ನಮ್ಮ ಕೊಳವೆಬಾವಿಯವರೆಗೂ ಬಂದು ಮುಟ್ಟಿದೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಭೂಗೋಳ ಪಾಠ ಹೇಳಿದ ನನಗೆ ಪಂಪ್ ಎಷ್ಟು ನೀರು ಎತ್ತುತ್ತದೆ ಎನ್ನುವುದರ ಜೊತೆಗೆ, ಆ ಕಾರ್ಯತಂತ್ರ ಹೊಲದಲ್ಲಿ ನಿಂತು ನೋಡಿದಾಗ ಹೇಗೆ ಕಾಣುತ್ತದೆ ಎನ್ನುವುದನ್ನೂ ತೂಗಿ ನೋಡಬೇಕೆನಿಸಿತು. ಆದ್ದರಿಂದ ಈ ವಿಮರ್ಶೆ ಎರಡರದ್ದೂ ಹೌದು.

ಮೊದಲು ಪಂಪಿನ ಮಾತು. ನಮ್ಮ ಕೊಳವೆಬಾವಿಯ ಆಳ 480 ಅಡಿ, ಮೋಟರು ಇಳಿಬಿಟ್ಟಿರುವುದು 330 ಅಡಿಗೆ. ಮೇಲೆ 540 ವ್ಯಾಟ್‌ನ ಹದಿಮೂರು ಫಲಕಗಳು, ಅಂದರೆ ಸುಮಾರು 7 ಕಿಲೋವ್ಯಾಟ್. ಫಲಕದಿಂದ ಬರುವ ವಿದ್ಯುತ್ತನ್ನು ಬಿಸಿಲಿನ ಏರಿಳಿತಕ್ಕೆ ತಕ್ಕಂತೆ ಹೊಂದಿಸಿ ಮೋಟರಿಗೆ ಕೊಡುವ ಕಂಟ್ರೋಲರ್ ಎಂಬ ಪೆಟ್ಟಿಗೆಯೇ ಇಡೀ ವ್ಯವಸ್ಥೆಯ ಜೀವ. ಬ್ಯಾಟರಿ ಇಲ್ಲ, ಬಿಸಿಲಿದ್ದಾಗ ನೀರು, ಮೋಡವಾದಾಗ ಸಣ್ಣ ಧಾರೆ, ರಾತ್ರಿ ಏನೂ ಇಲ್ಲ. ಹೀಗಾಗಿ ನೀರನ್ನು ಹಗಲಿನಲ್ಲಿ ತೊಟ್ಟಿಗೆ ತುಂಬಿಸಿಕೊಂಡು ಹನಿ ನೀರಾವರಿಗೆ ಬಿಡುವುದು ಒಳ್ಳೆಯದು. ತೊಟ್ಟಿ ಇಲ್ಲದವರು ಮೊದಲು ತೊಟ್ಟಿಯ ಯೋಚನೆ ಮಾಡಿ, ಆಮೇಲೆ ಪಂಪಿನ ಅರ್ಜಿ ಹಾಕಬೇಕೆಂಬುದು ನನ್ನ ಸಲಹೆ.

ಕಂಪನಿಯ ಕಾಗದದಲ್ಲಿ ಬರೆದಿರುವ ಲೀಟರಿನ ಲೆಕ್ಕವನ್ನು ನಂಬಿ ಕೂರದೆ ನಾನು 200 ಲೀಟರಿನ ಒಂದು ಡ್ರಮ್ಮನ್ನು ಪೈಪಿನ ಬಾಯಿಗೆ ಇಟ್ಟು, ಕೈಗಡಿಯಾರ ಹಿಡಿದು, ತುಂಬುವ ಸಮಯವನ್ನು ತಿಂಗಳಿಗೆ ಎರಡು ಬಾರಿ ಬರೆದಿಟ್ಟಿದ್ದೇನೆ. ಫೆಬ್ರುವರಿಯ ನಡು ಮಧ್ಯಾಹ್ನ ಡ್ರಮ್ಮು 72 ಸೆಕೆಂಡಿಗೆ ತುಂಬಿತು. ಬೆಳಿಗ್ಗೆ ಎಂಟೂವರೆಗೆ ಫಲಕಗಳನ್ನು ಪೂರ್ವಕ್ಕೆ ತಿರುಗಿಸಿದ್ದರೆ ಎರಡು ನಿಮಿಷದ ಮೇಲೆ ಹತ್ತು ಸೆಕೆಂಡು, ತಿರುಗಿಸದೆ ಹಾಗೆಯೇ ಬಿಟ್ಟಿದ್ದರೆ ಮೂರು ನಿಮಿಷ. ಸ್ವಚ್ಛ ಬಿಸಿಲಿನ ದಿನದಲ್ಲಿ ಒಟ್ಟು ಐವತ್ತು ಸಾವಿರ ಲೀಟರಿನ ಆಸುಪಾಸು ನೀರು ಬರುತ್ತದೆ. ನಮ್ಮಲ್ಲಿ ನಾಲ್ಕು ನೂರಕ್ಕೂ ಸ್ವಲ್ಪ ಹೆಚ್ಚು ಗಿಡಗಳಿದ್ದು, ಕಡುಬೇಸಿಗೆಯಲ್ಲಿ ಗಿಡಕ್ಕೆ ದಿನಕ್ಕೆ ನೂರು ಲೀಟರಿನಂತೆ ಹನಿಸಿದರೂ ಲೆಕ್ಕ ಸರಿಹೋಗುತ್ತದೆ.

ಫಲಕಗಳನ್ನು ತಿರುಗಿಸುವ ಮಾತು ಬಂದದ್ದರಿಂದ ಹೇಳುತ್ತೇನೆ: ಕಂಬದ ಮೇಲಿನ ಚೌಕಟ್ಟನ್ನು ದಿನಕ್ಕೆ ಮೂರು ಸಲ, ಬೆಳಿಗ್ಗೆ ಪೂರ್ವಕ್ಕೆ, ನಡುಹಗಲು ನೆತ್ತಿಗೆ, ಇಳಿಹೊತ್ತು ಪಶ್ಚಿಮಕ್ಕೆ, ಕೈಯಿಂದಲೇ ಹೊರಳಿಸುವಂತೆ ಮಾಡಿರುತ್ತಾರೆ. ಹೆಚ್ಚಿನ ತೋಟಗಳಲ್ಲಿ ಅಳವಡಿಸಿದ ದಿನ ಒಮ್ಮೆ ಹೊರಳಿಸಿ ತೋರಿಸಿದ್ದೇ ಕೊನೆ, ಆಮೇಲೆ ಅದು ತುಕ್ಕು ಹಿಡಿದು ಅಲ್ಲಿಯೇ ಕಚ್ಚಿಕೊಂಡಿರುತ್ತದೆ. ವಾರಕ್ಕೊಮ್ಮೆ ಗ್ರೀಸ್ ಹಚ್ಚಿ, ತೋಟದಲ್ಲಿ ಇರುವವರೊಬ್ಬರಿಗೆ ಈ ಕೆಲಸ ವಹಿಸಿದರೆ ಬೆಳಿಗ್ಗೆ ಮತ್ತು ಸಂಜೆ ಸಿಗುವ ನೀರು ಪುಕ್ಕಟೆ ಸಿಕ್ಕಂತೆಯೇ.

ಕಡುಬಿಸಿಲಿದ್ದಷ್ಟೂ ಹೆಚ್ಚು ವಿದ್ಯುತ್ ಎಂಬ ತಿಳಿವಳಿಕೆ ನಮ್ಮಲ್ಲಿ ಬಹಳ ಜನರಿಗಿದೆ, ಅದು ತಪ್ಪು. ಫಲಕಕ್ಕೆ ಬೇಕಾಗಿರುವುದು ಬೆಳಕು, ಬಿಸಿಯಲ್ಲ. ಫಲಕದ ಸಾಮರ್ಥ್ಯವನ್ನು ಅಳೆಯುವುದು 25 ಡಿಗ್ರಿ ಉಷ್ಣಾಂಶದಲ್ಲಿ. ಅದರ ಮೇಲೆ ಏರುವ ಪ್ರತಿ ಡಿಗ್ರಿಗೂ ಶೇ 0.3ರಿಂದ 0.4ರಷ್ಟು ಉತ್ಪಾದನೆ ಇಳಿಯುತ್ತದೆ. ನಮ್ಮ ಏಪ್ರಿಲ್ ತಿಂಗಳ 42 ಡಿಗ್ರಿ ಸೆಖೆಯಲ್ಲಿ ಫಲಕದ ಬೆನ್ನು 60 ಡಿಗ್ರಿ ದಾಟಿ ಕಾಯುವುದರಿಂದ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಶಕ್ತಿ ಅಲ್ಲಿಯೇ ಕರಗಿಹೋಗುತ್ತದೆ. ಹೀಗಾಗಿ ಅತಿ ಹೆಚ್ಚು ನೀರು ಬೇಕಾದ ತಿಂಗಳಲ್ಲಿ ಪಂಪು ತನ್ನ ಅತ್ಯುತ್ತಮ ಕೆಲಸ ಮಾಡುವುದಿಲ್ಲ. ಖರೀದಿಗೆ ಮುನ್ನ ಇದನ್ನು ಯಾರೂ ಹೇಳಲಿಲ್ಲ, ಹೇಳಬೇಕಿತ್ತು.

ಧೂಳಿನದು ಇನ್ನೊಂದು ಕಥೆ. ಫಾಲ್ಗುಣದಿಂದ ಜ್ಯೇಷ್ಠದವರೆಗೆ ನಮ್ಮ ಎರೆ, ಅಂದರೆ ಕಪ್ಪು ಮಣ್ಣಿನ, ಹೊಲಗಳ ಮೇಲೆ ಬೀಸುವ ಗಾಳಿ ಫಲಕದ ಮೇಲೆ ಸಣ್ಣ ಹಿಟ್ಟಿನಂಥ ಮಣ್ಣನ್ನು ತಂದು ಹರಡುತ್ತದೆ. ಮಾರ್ಚ್‌ನಲ್ಲಿ ಡ್ರಮ್ಮು ತುಂಬಲು 84 ಸೆಕೆಂಡು ತೆಗೆದುಕೊಂಡ ದಿನ ಫಲಕಗಳನ್ನು ತೊಳೆದು ಮತ್ತೆ ಅಳೆದೆ, 73ಕ್ಕೆ ಇಳಿದಿತ್ತು. ಆದರೆ ಕೊಳವೆಬಾವಿಯ ಸವಳು ನೀರಿನಿಂದಲೇ ತೊಳೆದಿದ್ದರಿಂದ ನಾಲ್ಕೈದು ಸಲಕ್ಕೆ ಗಾಜಿನ ಅಂಚಿನಲ್ಲಿ ಬಿಳಿಯ ಉಪ್ಪಿನ ಪಟ್ಟೆ ಮೂಡಿತು, ಒರೆಸಿದರೂ ಹೋಗಲಿಲ್ಲ. ಈಗ ಮನೆಯ ಮಾಳಿಗೆಯ ಮಳೆನೀರನ್ನು ಸಿಂಟೆಕ್ಸಿನಲ್ಲಿ ಹಿಡಿದಿಟ್ಟು ಅದರಿಂದಲೇ ತೊಳೆಯುತ್ತೇವೆ, ಅದೂ ಬೆಳಗಿನ ಏಳರೊಳಗೆ, ಫಲಕ ಕಾಯುವುದಕ್ಕೆ ಮೊದಲು. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬಾರದು.

ಅಳವಡಿಕೆಯ ಕೆಲಸದ ಬಗ್ಗೆ ನನಗೆ ಪೂರ್ತಿ ಸಮಾಧಾನವಿಲ್ಲ. ಬಂದ ಹುಡುಗರು ಕೆಲಸ ಬಲ್ಲವರು, ಎರಡೇ ದಿನದಲ್ಲಿ ಕಂಬ ನಿಲ್ಲಿಸಿ ಫಲಕ ಬಿಗಿದು ನೀರು ತೋರಿಸಿದರು. ಆದರೆ ಕಂಬದ ಗುಂಡಿಯನ್ನು ಮಸಾರಿ ಎಂಬ ಕೆಂಪು ಮಣ್ಣಿನಲ್ಲಿ ತೋಡುವ ಅಳತೆಯಲ್ಲಿಯೇ ಎರೆಯಲ್ಲೂ ತೋಡಿದರು. ಎರೆ ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಅಗಲ ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ; ಅದರ ಮೇಲೆ ನಿಂತದ್ದು ಯಾವುದೂ ನೆಟ್ಟಗೆ ಉಳಿಯುವುದಿಲ್ಲ ಎಂಬುದು ಇಲ್ಲಿ ಮನೆ ಕಟ್ಟಿದ ಪ್ರತಿಯೊಬ್ಬರಿಗೂ ಗೊತ್ತು. ನಾನು ಹೇಳಿದಾಗ ನಕ್ಷೆಯಲ್ಲಿ ಇರುವುದಿಷ್ಟೇ ಎಂದರು. ಸೆಪ್ಟೆಂಬರ್ ಮಳೆಯ ನಂತರ ಒಂದು ಕಂಬ ನಾಲ್ಕು ಬೆರಳಿನಷ್ಟು ವಾಲಿತು. ನನ್ನ ಖರ್ಚಿನಲ್ಲಿ ಸುತ್ತ ಅಗೆಸಿ, ಮುರಮು ತುಂಬಿಸಿ, ಕಾಂಕ್ರೀಟ್ ಹಾಕಿಸಿದ್ದೇನೆ. ಇಡೀ ದೇಶಕ್ಕೆ ಒಂದೇ ನಕ್ಷೆ ಬರೆದರೆ ಆಗುವ ತೊಂದರೆ ಇದು. ದೊಡ್ಡ ಕಾರ್ಯತಂತ್ರಗಳ ಬಗ್ಗೆಯೂ ನನಗಿರುವ ಅಳುಕು ಇದೇ ಬಗೆಯದು.

ಇನ್ನು ಕೆಟ್ಟು ನಿಂತ ಹದಿನೇಳು ದಿನಗಳ ಸಂಗತಿ. ಏಪ್ರಿಲ್ ಎರಡನೆಯ ವಾರ, ಹಸ್ತ ಬಹಾರದ ಕಾಯಿ ರಸ ತುಂಬಿಕೊಳ್ಳುವ ಹೊತ್ತು. ಲಿಂಬೆ ಬೆಳೆಯದವರಿಗಾಗಿ ಒಂದು ಮಾತು: ಮಳೆಗಾಲದ ಕೊನೆಗೆ ಗಿಡಕ್ಕೆ ನೀರು ನಿಲ್ಲಿಸಿ ಬಾಡಿಸಿ, ಆಮೇಲೆ ನೀರು ಕೊಟ್ಟು ಹೂ ಬಿಡಿಸಿದರೆ, ಆ ಹೂವಿನ ಕಾಯಿ ಬೇಸಿಗೆಯಲ್ಲಿ ಕೈಗೆ ಬರುತ್ತದೆ, ವರ್ಷದ ಒಳ್ಳೆಯ ದರ ಸಿಗುವುದು ಆಗಲೇ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದ ಮೇಲಂತೂ ಆ ಕಾಯಿಯ ಮೇಲೆ ಎಲ್ಲರ ಕಣ್ಣು. ಅಂಥ ಹೊತ್ತಿನಲ್ಲಿ ಒಂದು ಮಧ್ಯಾಹ್ನ ಕಂಟ್ರೋಲರ್‌ನ ಪರದೆಯ ಮೇಲೆ ದೋಷದ ಸಂಖ್ಯೆಯೊಂದು ಮೂಡಿ ಮೋಟರು ನಿಂತುಹೋಯಿತು. ಯೋಜನೆಯ ಪ್ರಕಾರ ಐದು ವರ್ಷಗಳ ನಿರ್ವಹಣೆ ಸರಬರಾಜುದಾರರ ಹೊಣೆ. ಸಹಾಯವಾಣಿಗೆ ಕರೆ ಮಾಡಿದೆ, ದೂರಿನ ಸಂಖ್ಯೆ ಕೊಟ್ಟರು. ಮೂರನೆಯ ದಿನ ಮಾಡಿದೆ, ಬೇರೆ ಸಂಖ್ಯೆ ಕೊಟ್ಟರು. ಎಂಟನೆಯ ದಿನ ಕಂಟ್ರೋಲರ್‌ನ ಫೋಟೋ ಕಳಿಸಿ ಎಂದರು. ತಂತ್ರಜ್ಞರು ತೋಟಕ್ಕೆ ಬಂದದ್ದು ಹದಿನೇಳನೆಯ ದಿನ, ದುರಸ್ತಿಗೆ ಹಿಡಿದದ್ದು ನಲವತ್ತು ನಿಮಿಷ. ಗಾಳಿಯಾಡಿಸುವ ಸಣ್ಣ ಫ್ಯಾನಿಗೆ ಧೂಳು ತುಂಬಿ, ಪಶ್ಚಿಮದ ಬಿಸಿಲಿಗೆ ಮುಖಮಾಡಿದ್ದ ಪೆಟ್ಟಿಗೆ ಒಳಗಿನಿಂದ ಕಾದುಹೋಗಿತ್ತು. ಬಂದವರು ಸೌಜನ್ಯದವರು, ಇಷ್ಟು ದೊಡ್ಡ ಜಿಲ್ಲೆಗೆ ತಾವು ಇಬ್ಬರೇ ಇದ್ದೇವೆ ಎಂದು ಹೇಳಿದಾಗ ನನಗೆ ಅವರ ಮೇಲಿನ ಸಿಟ್ಟು ಇಳಿಯಿತು. ಅಷ್ಟರಲ್ಲಿ ಬಾಡಿಗೆ ಜನರೇಟರ್ ತಂದು ಗಿಡ ಉಳಿಸಿಕೊಂಡಿದ್ದೆ, ಆದರೆ ಕಾಯಿ ಗೋಲಿಯ ಗಾತ್ರದಲ್ಲೇ ಹಣ್ಣಾಗಿ ಉದುರಿದವು. ಈಗ ಪೆಟ್ಟಿಗೆಯನ್ನು ಫಲಕದ ನೆರಳಿಗೆ ಸರಿಸಿದ್ದೇವೆ. ಹೊಸದಾಗಿ ಹಾಕಿಸುವವರು ಅದನ್ನು ಮೊದಲ ದಿನವೇ ಉತ್ತರದ ಮುಖಕ್ಕೆ, ನೆರಳಿನಲ್ಲಿ ಕೂರಿಸುವಂತೆ ಪಟ್ಟು ಹಿಡಿಯಿರಿ.

ಇಷ್ಟಾದರೂ ಪಂಪಿನ ಮೇಲೆ ನನಗೆ ವಿಶ್ವಾಸ ಹೋಗಿಲ್ಲ, ಯಾಕೆಂದರೆ ಹಿಂದಿನ ಲೆಕ್ಕ ಕಣ್ಣ ಮುಂದಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದ ವರ್ಷ, ನಾವು ಡೀಸೆಲ್ ಜನರೇಟರ್‌ನಿಂದ ದಿನಕ್ಕೆ ಮೂರು ತಾಸಿನಂತೆ ನೂರು ದಿನ ಮೋಟರು ಓಡಿಸಿದೆವು. ಸುಟ್ಟ ಡೀಸೆಲ್ 900 ಲೀಟರ್, ಖರ್ಚು ಎಂಬತ್ತು ಸಾವಿರದ ಹತ್ತಿರ. ಈಗ ಪಂಪಿಗಾಗಿ ನಾನು ಕಟ್ಟಿದ ನನ್ನ ಪಾಲಿನ ಹಣ ಅದಕ್ಕಿಂತ ಸ್ವಲ್ಪವೇ ಹೆಚ್ಚು. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅಂದರೆ ನಾಲ್ಕು ಎಕರೆ ಲಿಂಬೆಗಾಗಿ ಒಂದೇ ಬೇಸಿಗೆಯಲ್ಲಿ ಎರಡೂವರೆ ಟನ್ ಹತ್ತಿರ ಹೊಗೆ ಬಿಟ್ಟಿದ್ದೆವು. ಭಾರತದ ಒಬ್ಬ ಪ್ರಜೆಯ ವರ್ಷವೊಂದರ ಸರಾಸರಿ ಪಾಲೇ ಎರಡು ಟನ್ನಿನ ಆಸುಪಾಸು ಇರುವಾಗ, ಇದು ಸಣ್ಣ ಸಂಖ್ಯೆಯಲ್ಲ. ಜೊತೆಗೆ ರಾತ್ರಿಯ ಮಾತೂ ಇದೆ. ನಮ್ಮ ಅಣ್ಣನ ಹೊಲಕ್ಕೆ ವಿದ್ಯುತ್ ಮಾರ್ಗವಿದೆ, 10 ಎಚ್‌ಪಿವರೆಗಿನ ಪಂಪಿಗೆ ಬಿಲ್ಲೂ ಇಲ್ಲ, ಆದರೆ ಏಳು ತಾಸಿನ ತ್ರೀ ಫೇಸ್ ಸರದಿ ಎಷ್ಟೋ ಸಲ ನಡುರಾತ್ರಿಗೆ ಬರುತ್ತದೆ. ಟಾರ್ಚು ಹಿಡಿದು, ಹಾವು ಚೇಳಿನ ಭಯದಲ್ಲಿ ವಾಲ್ವು ತಿರುಗಿಸಲು ಹೋಗುವ ಅವನ ಮಗನನ್ನು ನೋಡಿದಾಗಲೆಲ್ಲ, ಹಗಲಿನ ನೀರಿನ ಬೆಲೆ ಏನೆಂದು ನನಗೆ ಅರ್ಥವಾಗುತ್ತದೆ.

ಈಗ ಕಾರ್ಯತಂತ್ರದ ಕಡೆಗೆ ಬರುತ್ತೇನೆ. 2008ರ ಜೂನ್ 30ರಂದು ಪ್ರಧಾನಿ ಮನಮೋಹನ್ ಸಿಂಗ್ ಅವರು ಹವಾಮಾನ ಬದಲಾವಣೆ ಕುರಿತ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಬಿಡುಗಡೆ ಮಾಡಿದರು. ಸೌರಶಕ್ತಿ, ಇಂಧನ ದಕ್ಷತೆ, ಸುಸ್ಥಿರ ವಸತಿ, ನೀರು, ಹಿಮಾಲಯದ ಪರಿಸರ, ಹಸಿರು ಭಾರತ, ಸುಸ್ಥಿರ ಕೃಷಿ, ಇವೆಲ್ಲಕ್ಕೂ ಬೇಕಾದ ಜ್ಞಾನ ಎಂದು ಎಂಟು ಅಭಿಯಾನಗಳು ಅದರಲ್ಲಿದ್ದವು. ಅದರ ತಳಹದಿಯ ಮಾತು ನನಗೆ ಇಂದಿಗೂ ಒಪ್ಪಿಗೆ: ಬಡತನ ಕಳೆಯುವ ಕೆಲಸವನ್ನು ನಿಲ್ಲಿಸದೆ, ಅಭಿವೃದ್ಧಿಯ ದಾರಿಯಲ್ಲೇ ಹವಾಮಾನಕ್ಕೂ ಒಳಿತಾಗುವ ಕೆಲಸಗಳನ್ನು ಹುಡುಕಿ ಮಾಡುವುದು, ತಲಾವಾರು ಹೊಗೆಯಲ್ಲಿ ಶ್ರೀಮಂತ ದೇಶಗಳ ಸರಾಸರಿಯನ್ನು ಎಂದೂ ಮೀರುವುದಿಲ್ಲ ಎಂದು ಮಾತು ಕೊಡುವುದು. ಜಗತ್ತು ಬಿಸಿಯಾಗಲು ನಮ್ಮ ಜಿಲ್ಲೆಯ ಜೋಳದ ರೈತ ಕಾರಣನಲ್ಲ. ಅವನಿಗೆ ಹೊಗೆ ಕಡಿಮೆ ಮಾಡು ಎಂದು ಹೇಳುವ ಮೊದಲು ನೀರು, ಬೆಳಕು ಕೊಡಬೇಕು. ನಮ್ಮ ಪಂಪು ಆ ಮಾತಿಗೆ ಒಳ್ಳೆಯ ಸಾಕ್ಷಿ: ಡೀಸೆಲ್ ಹೊಗೆಯೂ ನಿಂತಿತು, ಡೀಸೆಲ್ ಸಾಲವೂ ನಿಂತಿತು.

ಸೌರ ಅಭಿಯಾನ ಆರಂಭವಾದ 2010ರಲ್ಲಿ ಇಟ್ಟುಕೊಂಡ ಗುರಿ 2022ರೊಳಗೆ 20 ಗಿಗಾವ್ಯಾಟ್. 2015ರಲ್ಲಿ ಅದನ್ನು 100 ಗಿಗಾವ್ಯಾಟ್‌ಗೆ ಏರಿಸಿದರು. ಅದೇ 2015ರ ಅಕ್ಟೋಬರ್‌ನಲ್ಲಿ, ಪ್ಯಾರಿಸ್ ಒಪ್ಪಂದಕ್ಕೆ ಮುನ್ನ, 2030ರೊಳಗೆ ವಿದ್ಯುತ್ ಸಾಮರ್ಥ್ಯದ ಶೇ 40ರಷ್ಟನ್ನು ಪಳೆಯುಳಿಕೆ ಇಂಧನದಾಚೆಯ ಮೂಲಗಳಿಂದ ಪಡೆಯುವುದಾಗಿ ಭಾರತ ಹೇಳಿತು. 2021ರಲ್ಲಿ ಗ್ಲಾಸ್ಗೋ ಸಮಾವೇಶದಲ್ಲಿ 2070ರೊಳಗೆ ನಿವ್ವಳ ಶೂನ್ಯದ, ಅಂದರೆ ಬಿಟ್ಟಷ್ಟು ಹೊಗೆಯನ್ನು ಹೀರಿಸಿ ಸರಿದೂಗಿಸುವ, ಗುರಿ ಘೋಷಣೆಯಾಯಿತು, ಮರುವರ್ಷ ಶೇ 40 ಇದ್ದದ್ದು ಶೇ 50 ಆಯಿತು. ಆ ಶೇ 50ನ್ನು 2025ರ ಜೂನ್‌ನಲ್ಲಿಯೇ, ಐದು ವರ್ಷ ಮೊದಲೇ, ದೇಶ ಮುಟ್ಟಿದೆ. ಹೆಮ್ಮೆಪಡುವ ಸಾಧನೆ ಅದು. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ ಎಂಬುದನ್ನು ಮಕ್ಕಳಿಗೆ ಹೇಳುತ್ತಿದ್ದಂತೆ ಇಲ್ಲಿಯೂ ಹೇಳಬೇಕಾಗುತ್ತದೆ. ಸೌರ ಫಲಕ ರಾತ್ರಿ ಮಲಗುತ್ತದೆ, ಕಲ್ಲಿದ್ದಲಿನ ಘಟಕ ಮಲಗುವುದಿಲ್ಲ. ಹೀಗಾಗಿ ನಾವು ಬಳಸುವ ವಿದ್ಯುತ್ತಿನಲ್ಲಿ ಬಹುಪಾಲು ಇಂದಿಗೂ ಕಲ್ಲಿದ್ದಲಿನದೇ. ಇದನ್ನು ತಿಳಿಯಲು ನಾವು ದೂರ ಹೋಗಬೇಕಿಲ್ಲ. ವಿಜಯಪುರದಿಂದ ಕೊಲ್ಹಾರದ ಕಡೆ ಹೊರಟರೆ ಕೂಡಗಿಯ 2,400 ಮೆಗಾವ್ಯಾಟ್ ಸ್ಥಾವರದ ಚಿಮಣಿಗಳು ಬಹು ದೂರದಿಂದಲೇ ಕಾಣುತ್ತವೆ. ಅದೇ ಜಿಲ್ಲೆಯ ದಿಬ್ಬಗಳ ಮೇಲೆ ಗಾಳಿಯಂತ್ರಗಳೂ ತಿರುಗುತ್ತಿವೆ, ಆಲಮಟ್ಟಿಯಲ್ಲಿ ನೀರಿನಿಂದ ವಿದ್ಯುತ್ ಆಗುತ್ತಿದೆ. ದೇಶದ ಇಡೀ ಇಂಧನದ ಚಿತ್ರ ನಮ್ಮ ಒಂದು ಜಿಲ್ಲೆಯಲ್ಲಿಯೇ ಇದೆ.

ಪಿಎಂ–ಕುಸುಮ್ ಯೋಜನೆ 2019ರಲ್ಲಿ ಬಂದದ್ದು. ಅದರಲ್ಲಿ ಮೂರು ಭಾಗ: ರೈತರ ಬೀಳು ಭೂಮಿಯಲ್ಲಿ ಸಣ್ಣ ಸೌರ ಸ್ಥಾವರಗಳು, ವಿದ್ಯುತ್ ಮಾರ್ಗದಿಂದ ದೂರವಿರುವ ಹೊಲಗಳಿಗೆ ನಮ್ಮಂಥ ಸ್ವತಂತ್ರ ಪಂಪುಗಳು, ಈಗಾಗಲೇ ಮಾರ್ಗವಿರುವ ಪಂಪುಗಳಿಗೆ ಸೌರ ವಿದ್ಯುತ್ತಿನ ಪೂರೈಕೆ. ಕರ್ನಾಟಕದಲ್ಲಿ ಮಾರ್ಗದಿಂದ 500 ಮೀಟರಿಗಿಂತ ದೂರವಿರುವ ಹೊಸ ಕೊಳವೆಬಾವಿಗಳಿಗೆ ಸೌರ ಪಂಪನ್ನೇ ಕೊಡುವುದೆಂದು ತೀರ್ಮಾನಿಸಿದ್ದಾರೆ. ನಮ್ಮ ತೋಟ ಕಂಬದಿಂದ ಒಂಬೈನೂರು ಮೀಟರಿನ ಮೇಲಿದೆ, ಹೀಗಾಗಿ ನನಗೆ ಬೇರೆ ದಾರಿಯೂ ಇರಲಿಲ್ಲ. ಈ ನಿಯಮ ವಿವೇಕದ್ದು. ಒಂದು ತೋಟಕ್ಕಾಗಿ ಒಂದು ಕಿಲೋಮೀಟರ್ ತಂತಿ ಎಳೆಯುವುದಕ್ಕಿಂತ ಹದಿಮೂರು ಫಲಕ ನಿಲ್ಲಿಸುವುದು ಎಲ್ಲ ರೀತಿಯಿಂದಲೂ ಮೇಲು.

ನನ್ನ ದೊಡ್ಡ ತಕರಾರು ಇರುವುದು ನೀರಿನ ವಿಷಯದಲ್ಲಿ. ಏಪ್ರಿಲ್ ಮೊದಲ ವಾರದಿಂದ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಕಂಟ್ರೋಲರ್‌ನ ಕೆಂಪು ದೀಪ ಹತ್ತಿ ಪಂಪು ತಾನೇ ನಿಲ್ಲಲು ಶುರುವಾಯಿತು. ಇದು ದೋಷವಲ್ಲ, ರಕ್ಷಣೆ. ಬಾವಿಯಲ್ಲಿ ನೀರು ಮೋಟರಿನ ಮಟ್ಟಕ್ಕೆ ಇಳಿದು ಡ್ರೈ ರನ್ ಆಗುವ, ಅಂದರೆ ಮೋಟರು ನೀರಿಲ್ಲದೆ ಓಡುವ, ಮುನ್ನ ಅದು ನಿಲ್ಲುತ್ತದೆ. ಡೀಸೆಲ್ ಕಾಲದಲ್ಲಿ ಮೂರು ತಾಸು ಓಡಿಸಿದರೆ ಜೇಬು ಸಾಕು ಎನ್ನುತ್ತಿತ್ತು. ಅಣ್ಣನ ಹೊಲದಲ್ಲಿ ಏಳು ತಾಸಾದ ಮೇಲೆ ಕರೆಂಟು ಸಾಕು ಎನ್ನುತ್ತದೆ. ಸೌರ ಪಂಪಿಗೆ ಸಾಕು ಎನ್ನುವವರು ಯಾರೂ ಇಲ್ಲ, ಬಾವಿಯ ತಳವನ್ನು ಬಿಟ್ಟರೆ. ಒಮ್ಮೆ ಹಾಕಿಸಿದ ಮೇಲೆ ಇನ್ನೊಂದು ಲೀಟರ್ ಎತ್ತುವುದಕ್ಕೆ ಒಂದು ಪೈಸೆಯ ಖರ್ಚಿಲ್ಲ; ಬಿಸಿಲಿರುವಷ್ಟು ಹೊತ್ತು ಎತ್ತುವುದೇ ಲಾಭ ಎಂದು ಮನಸ್ಸು ಹೇಳುತ್ತದೆ. ನನ್ನ ಮನಸ್ಸೂ ಹೇಳಿತು, ಜನವರಿ ಫೆಬ್ರುವರಿಯಲ್ಲಿ ಬೇಕಿಲ್ಲದಿದ್ದರೂ ಓಡಿಸಿದೆ, ಬದುವಿನ ಹುಲ್ಲಿಗೆ ಬಿಟ್ಟೆ. ಆ ನೀರನ್ನು ಏಪ್ರಿಲ್‌ನಲ್ಲಿ ನೆನೆದು ಪಶ್ಚಾತ್ತಾಪಪಟ್ಟಿದ್ದೇನೆ. ನಮ್ಮ ಭಾಗದಲ್ಲಿ ಸೋಲಾರ್ ಬಂದ ಮೇಲೆ ಲಿಂಬೆ ತೆಗೆದು ಕಬ್ಬು ಹಚ್ಚಿದವರನ್ನೂ ನೋಡಿದ್ದೇನೆ. ಅವರನ್ನು ದೂರಲಾರೆ, ಕಬ್ಬಿಗೆ ಖಚಿತ ದರವಿದೆ, ಲಿಂಬೆಗೆ ಇಲ್ಲ. ಆದರೆ ಬಾವಿಗಳ ಕೆಳಗಿನ ಬಂಡೆಯ ನೀರು ಒಂದೇ.

2008ರ ಯೋಜನೆಯ ಎಂಟು ಅಭಿಯಾನಗಳಲ್ಲಿ ನೀರಿನದೂ ಒಂದಿತ್ತು, ನೀರಿನ ಬಳಕೆಯ ದಕ್ಷತೆಯನ್ನು ಶೇ 20ರಷ್ಟು ಹೆಚ್ಚಿಸಬೇಕೆಂಬುದು ಅದರ ಗುರಿ. ಕುಸುಮ್ ಮಾರ್ಗಸೂಚಿಯಲ್ಲಿಯೂ ಹನಿ ನೀರಾವರಿಯಂಥ ಸೂಕ್ಷ್ಮ ಪದ್ಧತಿ ಇರುವವರಿಗೆ ಆದ್ಯತೆ ಎಂದಿದೆ. ಅಂತರ್ಜಲ ಬತ್ತಿದ ಪ್ರದೇಶಗಳಲ್ಲಿ ಹಳೆಯ ಡೀಸೆಲ್ ಪಂಪುಗಳನ್ನು ಮಾತ್ರ, ಅದೂ ಸೂಕ್ಷ್ಮ ನೀರಾವರಿ ಇದ್ದರೆ, ಬದಲಿಸಬೇಕೆಂದೂ ಇದೆ. ಬರೆದವರು ಯೋಚಿಸದೆ ಬರೆದಿಲ್ಲ. ಆದರೆ ನಮ್ಮ ತೋಟದಲ್ಲಿ ಪಂಪು ಕೂರಿಸಿದ ಮೇಲೆ ನೀರು ಎಷ್ಟು ಎತ್ತುತ್ತಿದ್ದೇನೆ, ಹನಿ ಪೈಪು ಇದೆಯೋ ಕಿತ್ತಿದ್ದೇನೋ ಎಂದು ನೋಡಲು ಒಬ್ಬರೂ ಬಂದಿಲ್ಲ. ಪಂಪಿನ ಜೊತೆಗೆ ದೂರದಿಂದಲೇ ನಿಗಾ ಇಡುವ ಉಪಕರಣವೊಂದಿದೆ. ಎಷ್ಟು ವಿದ್ಯುತ್ ಬಂತು, ಎಷ್ಟು ತಾಸು ಓಡಿತು ಎಂಬುದೆಲ್ಲ ಅದರಿಂದ ಎಲ್ಲಿಗೋ ಹೋಗುತ್ತದೆ. ಅದೇ ಲೆಕ್ಕವನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬಾವಿಯ ನೀರಿನ ಮಟ್ಟದ ಜೊತೆ ಬರೆಸಿದರೆ ಸಾಕು, ರೈತ ತಾನೇ ಓದಿಕೊಳ್ಳುತ್ತಾನೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಮಗೆ ಹೊಸದಾಗಿ ಹೇಳಿಕೊಡಬೇಕಾದ ಪಾಠವಲ್ಲ, ಹಾಸಿಗೆ ಎಷ್ಟಿದೆ ಎಂದು ತೋರಿಸಬೇಕು ಅಷ್ಟೇ. ಸೌರ ಅಭಿಯಾನವೂ ನೀರಿನ ಅಭಿಯಾನವೂ ದಿಲ್ಲಿಯ ಕಾಗದದಲ್ಲಿ ಅಕ್ಕಪಕ್ಕದ ಪುಟಗಳಲ್ಲಿದ್ದವು, ನಮ್ಮ ಕೊಳವೆಬಾವಿಯ ಬಾಯಲ್ಲಿ ಮಾತ್ರ ಅವು ಇನ್ನೂ ಒಂದನ್ನೊಂದು ಭೇಟಿಯಾಗಿಲ್ಲ.

ಪರಿಹಾರ ಇಲ್ಲವೆಂದಲ್ಲ. ನಮ್ಮ ರಾಜ್ಯವೇ 2014ರ ಸುಮಾರಿಗೆ ‘ಸೂರ್ಯ ರೈತ’ ಎಂಬ ಯೋಜನೆಯನ್ನು ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಪ್ರಯೋಗಕ್ಕೆ ತಂದಿತ್ತು. ರೈತ ನೀರೆತ್ತಿ ಉಳಿದ ವಿದ್ಯುತ್ತನ್ನು ಮಾರ್ಗಕ್ಕೆ ಮಾರಬೇಕೆಂಬುದು ಅದರ ತಿರುಳು. ಗುಜರಾತಿನ ಢುಂಡಿ ಎಂಬ ಹಳ್ಳಿಯಲ್ಲಿ ರೈತರು ಸಹಕಾರ ಸಂಘ ಕಟ್ಟಿಕೊಂಡು ಹೀಗೆಯೇ ಸೌರ ವಿದ್ಯುತ್ ಮಾರಿದರು. ಬಿಸಿಲನ್ನು ಮಾರಲು ದಾರಿ ಇದ್ದರೆ ಅದನ್ನೆಲ್ಲ ನೀರಿಗೆ ಸುರಿಯುವ ಹಟ ಯಾರಿಗೂ ಇರುವುದಿಲ್ಲ. ನಮ್ಮ ಹದಿಮೂರು ಫಲಕಗಳು ಜೂನ್‌ನಿಂದ ಅಕ್ಟೋಬರ್‌ವರೆಗೆ ಬಹುತೇಕ ಸುಮ್ಮನೆ ನಿಂತಿದ್ದವು. ಹಿಟ್ಟಿನ ಗಿರಣಿ, ಮೇವು ಕತ್ತರಿಸುವ ಯಂತ್ರ ಮುಂತಾದವನ್ನೂ ಓಡಿಸಬಲ್ಲ ಸಾರ್ವತ್ರಿಕ ಕಂಟ್ರೋಲರ್ ಎಂಬುದೊಂದಿದೆ. ಅದರ ಬಗ್ಗೆ ನನಗೆ ತಿಳಿದದ್ದು ಪಂಪು ಕೂತ ಮೇಲೆ. ಅರ್ಜಿ ಹಾಕುವಾಗಲೇ ಕೇಳಿ. ಇನ್ನು ಮಾರ್ಗ ಇರುವ ಹೊಲದವರಿಗೆ ಒಬ್ಬೊಬ್ಬರಿಗೂ ಫಲಕ ಕೊಡುವುದಕ್ಕಿಂತ, 2025ರ ಜೂನ್‌ನಲ್ಲಿ ಗೌರಿಬಿದನೂರಿನಲ್ಲಿ ಚಾಲನೆ ಕೊಟ್ಟಂತೆ, ಉಪಕೇಂದ್ರದ ಪಕ್ಕ ಸೌರ ಸ್ಥಾವರ ಹಾಕಿ ಹಗಲಿನಲ್ಲಿ ಏಳು ತಾಸು ವಿದ್ಯುತ್ ಕೊಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಅಣ್ಣನ ಮಗನ ರಾತ್ರಿ ಪಾಳಿಯೂ ತಪ್ಪುತ್ತದೆ, ಏಳು ತಾಸಿನ ಲಗಾಮೂ ಉಳಿಯುತ್ತದೆ.

ಇನ್ನೊಂದು ಕೊರತೆಯನ್ನು ಹೇಳದಿದ್ದರೆ ಈ ಬರಹ ಅಪೂರ್ಣ. ಕಾರ್ಯತಂತ್ರದ ಬಹುಪಾಲು ದುಡ್ಡು, ಸದ್ದು ಎರಡೂ ಹೊಗೆ ತಗ್ಗಿಸುವ ಕಡೆಗಿದೆ; ಬಂದಿರುವ ಬದಲಾವಣೆಯನ್ನು ತಾಳಿಕೊಳ್ಳುವ ಕಡೆಗೆ ಕಡಿಮೆ. ನಮಗೆ ಬೇಕಾಗಿರುವುದು ಎರಡನೆಯದೇ ಹೆಚ್ಚು. 2023ರಲ್ಲಿ ಬರ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ನಮ್ಮ ನೆಂಟರ ಊರಿನ ಹೊಲಗಳೆಲ್ಲ ನೀರಾದವು, 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಅದೇ ಆಯಿತು. ಈ ವರ್ಷ ಲಿಂಬೆಯನ್ನು ಬಾಡಿಸಬೇಕಾದ ದಿನಗಳಲ್ಲಿಯೇ ಮಳೆ ಬಿಡದೆ ಸುರಿದದ್ದರಿಂದ ಗಿಡ ಬಾಡಲಿಲ್ಲ, ಹಸಿರಾಗಿ ಚಿಗುರುತ್ತಲೇ ಹೋಯಿತು, ಹೂ ಅರ್ಧವೂ ಬರಲಿಲ್ಲ. ಇದಕ್ಕೆ ಯಾವ ಪಂಪೂ ಮದ್ದಲ್ಲ. ಒಣಬೇಸಾಯದ ಸಂಶೋಧನೆ ವಿಜಯಪುರದಲ್ಲಿ ಆರಂಭವಾದದ್ದು 1930ರ ದಶಕದಲ್ಲಿ. ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಇಂಗಿಸುವ ಚೌಕು ಮಡಿಯಂಥ ಪದ್ಧತಿಗಳನ್ನು ಇಲ್ಲಿನ ವಿಜ್ಞಾನಿಗಳು ಎರೆ ಹೊಲಕ್ಕೆ ಒಪ್ಪುವಂತೆ ರೂಪಿಸಿ ಹೇಳುತ್ತ ಬಂದಿದ್ದಾರೆ. ಸೌರ ಪಂಪಿಗೆ ಕೊಡುವ ಸಹಾಯಧನದ ಒಂದು ಸಣ್ಣ ಪಾಲನ್ನು ಅದೇ ಬಾವಿಯ ಪಕ್ಕದ ಇಂಗುಗುಂಡಿಗೆ, ಮೇಲಿನ ಹೊಲದ ಚೌಕು ಮಡಿಗೆ ಕಡ್ಡಾಯವಾಗಿ ಜೋಡಿಸಿದ್ದರೆ, ಏಪ್ರಿಲ್‌ನ ಆ ಕೆಂಪು ದೀಪ ಇನ್ನೂ ಕೆಲವು ದಿನ ತಡವಾಗಿ ಹತ್ತುತ್ತಿತ್ತೆಂದು ನಾನು ನಂಬಿದ್ದೇನೆ.

ಅಂಕ ಕೊಡಿ ಎಂದರೆ, ಯಂತ್ರಕ್ಕೆ ಐದರಲ್ಲಿ ನಾಲ್ಕು, ಅಳವಡಿಕೆಗೆ ಮೂರು, ಮಾರಾಟದ ನಂತರದ ಸೇವೆಗೆ ಒಂದೂವರೆ ಕೊಡುತ್ತೇನೆ. ಮಾರ್ಗ ದೂರವಿದ್ದು, ಹನಿ ನೀರಾವರಿ ಮತ್ತು ತೊಟ್ಟಿ ಇದ್ದು, ತೋಟದಲ್ಲಿ ದಿನವೂ ಒಬ್ಬರು ಇರುವಂತಿದ್ದರೆ ಕಣ್ಣು ಮುಚ್ಚಿ ಹಾಕಿಸಬಹುದು. ಕೊಳವೆಬಾವಿಯ ನೀರು ಈಗಾಗಲೇ ಬೇಸಿಗೆಗೆ ಕೈಕೊಡುತ್ತಿದ್ದರೆ 7.5 ಬಿಟ್ಟು 5 ಎಚ್‌ಪಿಯನ್ನೇ ಆರಿಸಿಕೊಳ್ಳಿ; ದೊಡ್ಡ ಪಂಪು ಬಾವಿಯಲ್ಲಿ ಇಲ್ಲದ ನೀರನ್ನು ತರುವುದಿಲ್ಲ. ಕಾಗದಕ್ಕೆ ಸಹಿ ಹಾಕುವ ಮುನ್ನ ಸರಬರಾಜುದಾರರ ತಂತ್ರಜ್ಞರು ಯಾವ ಊರಿನಲ್ಲಿದ್ದಾರೆ, ಎಷ್ಟು ಮಂದಿ ಇದ್ದಾರೆ ಎಂದು ಕೇಳಿ, ಹೇಳಿದ್ದನ್ನು ಬರೆಸಿಕೊಳ್ಳಿ.

ನಮ್ಮ ಕೊಳವೆಬಾವಿಯ ಸುತ್ತ ಹತ್ತು ಅಡಿ ಚೌಕದ ಇಂಗುಗುಂಡಿ ತೋಡುವ ಕೆಲಸ ಈ ವಾರ ಶುರುವಾಗಿದೆ. ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಅದರ ಮೇಲೆ ಮರಳು ಬೀಳಬೇಕು, ಮೇಲಿನ ಎರಡು ಎಕರೆಯ ಹರಿವನ್ನು ಕಾಲುವೆ ತೆಗೆದು ಅಲ್ಲಿಗೆ ತಿರುಗಿಸಬೇಕು. ಕಂಟ್ರೋಲರ್ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಒಂದು ಕಾಗದ ಅಂಟಿಸಿದ್ದೇನೆ. ಮುಂದಿನ ಬೇಸಿಗೆಯಲ್ಲಿ ಕೆಂಪು ದೀಪ ಮೊದಲ ಸಲ ಯಾವ ದಿನ, ಎಷ್ಟು ಗಂಟೆಗೆ ಹತ್ತಿತೆಂದು ಅದರ ಮೇಲೆ ಬರೆಯಬೇಕು.